ನಪಾಸಾದ ಪೆಟ್ಟಿಗೆ

ಕನ್ನಡದ ಮಾಸ್ತರನೊಬ್ಬನು ವಿದ್ಯುತ್ತಿನ ವಿಷಯವಾಗಿ ಬರೆಯಲು ಲೇಖನಿಯನ್ನೆತ್ತಿಕೊಂಡರೆ ವಾಚಕರಿಗೆ ನಗು ಬರುವುದು ಸಹಜ. ಸಂಧಿ ಸಮಾಸಗಳನ್ನು ಬಿಡಿಸುವವನಿಗೆ ತಂತಿಗಳ ಸಿಕ್ಕನ್ನು ಬಿಡಿಸುವ ಅಧಿಕಾರವು ಎಲ್ಲಿಂದ ಬಂದಿತು? ನಾನು ಮೆಟ್ರಿಕ್ ಪರೀಕ್ಷೆಯವರೆಗೆ ಎಲ್ಲ ವಿಷಯಗಳನ್ನೂ ಕನ್ನಡದಲ್ಲಿಯೇ ಓದಿದವನು. ಭೌತಶಾಸ್ತ್ರದಲ್ಲಿ ನನಗೆ ಬಂದ ಅಂಕಗಳನ್ನು ಇಲ್ಲಿ ಹೇಳದಿರುವುದೇ ಮೇಲು. ಆದರೂ ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಮನಸ್ಸಿಗೆ ಬಂದುದು ಒಂದು ಪರೀಕ್ಷೆಯ ಕಥೆ. ಆ ಪರೀಕ್ಷೆಗೆ ಕುಳಿತದ್ದು ಒಂದು ತಗಡಿನ ಪೆಟ್ಟಿಗೆ. ಅದು ಎರಡು ಸಲ ನಪಾಸಾಯಿತು. ವರ್ಷವೆಲ್ಲ ಪರೀಕ್ಷೆಗಳನ್ನು ಮಾಡುತ್ತಲೇ ಇರುವ ನನಗೆ ಅದರಿಂದ ತಿಳಿದ ಪಾಠವು ನಮ್ಮ ವಿದ್ಯಾರ್ಥಿಗಳಿಗೂ ಅವರ ಗುರುಗಳಿಗೂ ಉಪಯೋಗವಾದೀತೆಂದು ನಂಬಿದ್ದೇನೆ.

ನನ್ನ ತಮ್ಮನು ಇರುವುದು ನಾಸಿಕ ಜಿಲ್ಲೆಯ ನಿಫಾಡ್ ಎಂಬ ತಾಲ್ಲೂಕಿನ ಊರಿನಲ್ಲಿ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1842ರಲ್ಲಿ ಜನಿಸಿದುದು ಈ ಊರಿನಲ್ಲಿಯೇ. ಸುತ್ತಲೂ ದ್ರಾಕ್ಷಿಯ ತೋಟಗಳು, ಉಳ್ಳಾಗಡ್ಡಿಯ ಹೊಲಗಳು, ಗೋದಾವರಿಯ ದಂಡೆಗುಂಟ ಕಬ್ಬು. ದೇಶಕ್ಕೆಲ್ಲ ಹೆಸರಾದ ಲಾಸಲಗಾವದ ಉಳ್ಳಾಗಡ್ಡಿ ಪೇಟೆಯು ಇದೇ ತಾಲ್ಲೂಕಿನದು. ಇದೇ ತಾಲ್ಲೂಕಿನ ಓಝರದಲ್ಲಿ 1964ರಲ್ಲಿ ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆ ಹುಟ್ಟಿತು. ಆ ಸಂಸ್ಥೆಯ ಮುಖ್ಯ ಕಛೇರಿ ಬೆಂಗಳೂರಿನಲ್ಲಿರುವುದರಿಂದ ಈ ಕಡೆಯವರಿಗೆ ಕನ್ನಡದ ಮಾತು ತೀರ ಅಪರಿಚಿತವಲ್ಲ. ವಿಜಾಪುರದ ಕಡೆಯಿಂದ ಹೊಟ್ಟೆಯ ಪಾಡಿಗಾಗಿ ಹೊರಟ ನಾವಿಬ್ಬರು ಅಣ್ಣತಮ್ಮಂದಿರಲ್ಲಿ ನಾನು ಮುಂಬಯಿಯ ಶಾಲೆಯನ್ನು ಸೇರಿದೆನು. ಅವನು ನಾಸಿಕದ ಕಾರಖಾನೆಗಳಲ್ಲಿ ಕೆಲವು ವರ್ಷ ದುಡಿದು, ಕೊನೆಗೆ ನಿಫಾಡಿನಲ್ಲಿ ಒಂದು ಸಣ್ಣ ಅಂಗಡಿಯನ್ನು ತೆರೆದು ರೈತರಿಗೆ ಬೇಕಾದ ಪೆಟ್ಟಿಗೆಗಳನ್ನು ಮಾಡತೊಡಗಿದನು.

ಆ ಪೆಟ್ಟಿಗೆಯೆಂದರೆ ‘ಮೊಬೈಲ್ ಸ್ಟಾರ್ಟರ್’. ಹೊಲಕ್ಕೆ ಮೂರು ಫೇಜಿನ ವಿದ್ಯುತ್ತು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ನಡುರಾತ್ರಿ. ನಿಫಾಡಿನ ಚಳಿಯು ಮಹಾರಾಷ್ಟ್ರದಲ್ಲಿ ಹೆಸರಾದುದು. ಆ ಚಳಿಯಲ್ಲಿ ಕಬ್ಬಿನ ಮರೆಯಲ್ಲಿ ಚಿರತೆಯ ಭಯವನ್ನೂ ಹೊತ್ತುಕೊಂಡು ಬಾವಿಯವರೆಗೆ ನಡೆದುಹೋಗಿ ಮೋಟಾರನ್ನು ಹಚ್ಚಬೇಕಾದ ರೈತನ ಕಷ್ಟವನ್ನು ಬಲ್ಲವನೇ ಬಲ್ಲ. ಈ ಪೆಟ್ಟಿಗೆ ಇದ್ದರೆ ಅವನು ಮನೆಯಲ್ಲಿಯೇ ಕುಳಿತು ಫೋನು ಮಾಡಿದರೆ ಸಾಕು. ಪೆಟ್ಟಿಗೆಯೊಳಗಿನ ಸಿಮ್ ಕಾರ್ಡು ಕರೆಯನ್ನು ಸ್ವೀಕರಿಸುತ್ತದೆ, ರಿಲೇ ಟಕ್ಕೆನ್ನುತ್ತದೆ, ಮೋಟಾರು ತಿರುಗುತ್ತದೆ. ನನ್ನ ತಮ್ಮನು ಅದಕ್ಕೆ ಇನ್ನೊಂದು ಸೌಕರ್ಯವನ್ನೂ ಕೂಡಿಸಿದ್ದನು. ಬಾವಿಯಲ್ಲಿ ನೀರು ತಳ ಕಂಡರೆ ಮೋಟಾರು ತಾನೇ ನಿಲ್ಲಬೇಕು. ನೀರು ಮತ್ತೆ ಊರಿದಾಗ ತಾನೇ ಹೊರಡಬೇಕು. ಇದಕ್ಕಾಗಿ ಬಾವಿಯೊಳಗೆ ಇಳಿಬಿಟ್ಟ ಕಡ್ಡಿಯಿಂದ ಪೆಟ್ಟಿಗೆಯವರೆಗೆ ಒಂದು ಉದ್ದವಾದ ಕೇಬಲ್ಲು.

ಕಳೆದ ದೀಪಾವಳಿಯ ರಜೆಯಲ್ಲಿ ನಾನು ನಿಫಾಡಿಗೆ ಹೋದಾಗ ಅಂಗಡಿಯಲ್ಲಿ ಹಬ್ಬದ ಸಂಭ್ರಮವಿರಲಿಲ್ಲ. ಗೋಡೆಯ ಮೊಳೆಗೆ ಅರ್ಧ ಹರಿದ ಒಂದು ಟವೆಲು ತೂಗುತ್ತಿತ್ತು. ತಮ್ಮನು ಅದರ ಕಥೆಯನ್ನು ತಲೆ ತಗ್ಗಿಸಿಕೊಂಡೇ ಹೇಳಿದನು. ಎಂಟು ದಿನಗಳ ಹಿಂದೆ ಹತ್ತಿರದ ಹಳ್ಳಿಯ ವೃದ್ಧ ರೈತರೊಬ್ಬರು ಫೋನಿನಿಂದ ಮೋಟಾರನ್ನು ನಿಲ್ಲಿಸಿ, ನೀರು ಸೋರುತ್ತಿದ್ದ ಪಂಪಿನ ದಂಡದ ಬಳಿ ದಾರವನ್ನು ತುಂಬುತ್ತ ಕುಳಿತಿದ್ದರಂತೆ. ಬದುವಿನ ಆಚೆಯ ನೆರೆಯವನು ತನ್ನ ಮೋಟಾರನ್ನು ನಿಲ್ಲಿಸಿದನು. ಅದೇ ಕ್ಷಣದಲ್ಲಿ ಇವರ ಮೋಟಾರು ಯಾರೂ ಹೇಳದೆ ಹೊರಟುಬಿಟ್ಟಿತು. ಹೆಗಲ ಮೇಲಿನ ಟವೆಲು ದಂಡಕ್ಕೆ ಸುತ್ತಿಕೊಂಡು ಹರಿಯಿತು, ಕೈ ಉಳಿಯಿತು. ಮರುದಿನ ಅವರು ಅಂಗಡಿಗೆ ಬಂದು ಜಗಳವಾಡಲಿಲ್ಲ. ಹರಿದ ಟವೆಲನ್ನು ಮೇಜಿನ ಮೇಲಿರಿಸಿ, “ಮಗಾ, ನಿನ್ನ ಪೆಟ್ಟಿಗೆ ಒಳ್ಳೆಯದೇ. ಆದರೆ ಅದು ಯಾರ ಮಾತನ್ನು ಕೇಳುತ್ತದೆ?” ಎಂದು ಮರಾಠಿಯಲ್ಲಿ ಕೇಳಿ ಹೊರಟುಹೋದರಂತೆ.

“ಕಾಕಾ ಅವರು ಬೈದಿದ್ರ ಚಲೋ ಇತ್ತಣ್ಣಾ,” ಎಂದನು ತಮ್ಮ. ಅವನು ಅದುವರೆಗೆ ಮಾರಿದ ಹನ್ನೊಂದು ಪೆಟ್ಟಿಗೆಗಳನ್ನೂ ಮೋಟಾರ ಸೈಕಲ್ಲಿನ ಮೇಲೆ ಊರೂರು ತಿರುಗಿ ಬಿಚ್ಚಿ ತಂದಿದ್ದನು. ಸಾಲದ ಕಂತು ಬಾಕಿಯಿತ್ತು. ಆದರೂ ಸರಿಯಾದ ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಗದೆ ಒಂದನ್ನೂ ಮರಳಿ ಕೂಡಿಸುವುದಿಲ್ಲವೆಂದು ನಿಶ್ಚಯಿಸಿದ್ದನು. ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ದಿನವೂ ಗೊತ್ತಾಗಿತ್ತು. ನಡೆದುದನ್ನೆಲ್ಲ ಬರೆದುಕೊಳ್ಳಲು ಒಬ್ಬರು ಬೇಕೆಂದು ನನ್ನನ್ನು ಕರೆದನು. ಬರೆಯುವುದು ನನಗೆ ಗೊತ್ತಿದ್ದ ಕೆಲಸ, ಒಪ್ಪಿಕೊಂಡೆನು.

ಇಲ್ಲಿ ವಾಚಕರಿಗೆ ಒಂದು ಸಂಗತಿಯನ್ನು ವಿವರಿಸಬೇಕು. ನೆರೆಯವನ ಮೋಟಾರು ನಿಂತರೆ ಇವರ ಪೆಟ್ಟಿಗೆಗೆ ಅದು ಕೇಳಿಸುವುದು ಹೇಗೆ? ಮನೆಯಲ್ಲಿ ರೇಡಿಯೋ ಹಚ್ಚಿದ್ದಾಗ ಯಾರಾದರೂ ದೀಪದ ಗುಂಡಿಯನ್ನು ಒತ್ತಿದರೆ ‘ಚಟ್’ ಎಂಬ ಸದ್ದು ಬರುವುದನ್ನು ನೀವು ಕೇಳಿರಬಹುದು. ಮೋಟಾರಿನ ಸ್ಟಾರ್ಟರಿನೊಳಗೆ ತಾಮ್ರದ ತಂತಿಯ ಸುರುಳಿಯಿರುತ್ತದೆ. ಹರಿಯುತ್ತಿದ್ದ ವಿದ್ಯುತ್ತನ್ನು ಥಟ್ಟನೆ ತಡೆದರೆ ಸುರುಳಿಯು ಸುಮ್ಮನಿರುವುದಿಲ್ಲ. ಅದು ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ಬಿಡಲು ದಾರಿ ಹುಡುಕುತ್ತದೆ. ಆಗತಾನೆ ಅಗಲುತ್ತಿರುವ ಲೋಹದ ತುದಿಗಳ ನಡುವೆ ಕಿಡಿಯಾಗಿ ಹಾರುತ್ತದೆ, ಆರುತ್ತದೆ, ಮತ್ತೆ ಹಾರುತ್ತದೆ. ಕಣ್ಣಿಗೆ ಒಂದೇ ಕಿಡಿಯಾಗಿ ಕಂಡರೂ ಅದು ನೂರಾರು ಸಣ್ಣ ಸಿಡಿತಗಳ ಸಾಲು. ಆ ಸಿಡಿತಗಳು ತಂತಿಗುಂಟ ಹರಿಯುವುದಲ್ಲದೆ, ಪಕ್ಕದಲ್ಲಿ ಮುಟ್ಟದೆ ಮಲಗಿರುವ ಇನ್ನೊಂದು ತಂತಿಯೊಳಕ್ಕೂ ನುಗ್ಗುತ್ತವೆ. 1895ರಲ್ಲಿ ಕಲಕತ್ತೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಿಡಿಯಿಂದ ಹುಟ್ಟಿದ ಅಲೆಗಳಿಂದ ದೂರದ ಗಂಟೆಯೊಂದನ್ನು ಬಾರಿಸಿ ಜನರನ್ನು ಬೆರಗುಗೊಳಿಸಿದರೆಂಬುದನ್ನು ನೀವು ಓದಿರಬಹುದು. ಅಂದು ವಿಸ್ಮಯವಾದುದೇ ಇಂದು ಯಂತ್ರಗಳಿಗೆ ಉಪದ್ರವವಾಗಿದೆ.

ಈ ಉಪದ್ರವಕ್ಕೆ ಎರಡು ಮುಖಗಳುಂಟು. ತಾನು ಇತರ ಯಂತ್ರಗಳಿಗೆ ಕಾಟ ಕೊಡಬಾರದು. ಇತರರ ಕಾಟವನ್ನು ತಾನು ತಾಳಿಕೊಳ್ಳಬೇಕು. ಮೊದಲನೆಯದರ ಚಿಂತೆಯು ರೇಡಿಯೋ ಬಂದ ಕಾಲದಿಂದಲೂ ಇದ್ದಿತು. ಅದಕ್ಕಾಗಿಯೇ 1934ರಲ್ಲಿ ‘ಸಿಸ್ಪರ್’ ಎಂಬ ಅಂತರರಾಷ್ಟ್ರೀಯ ಸಮಿತಿಯು ಹುಟ್ಟಿತು. ಎರಡನೆಯದನ್ನು ಇಂಗ್ಲಿಷಿನಲ್ಲಿ ಇಮ್ಯೂನಿಟಿ ಎನ್ನುತ್ತಾರೆ. ನಾನು ನನ್ನ ಟಿಪ್ಪಣಿಯ ಪುಸ್ತಕದಲ್ಲಿ ಅದನ್ನು ‘ತಾಳಿಕೆ’ ಎಂದು ಬರೆದುಕೊಂಡೆನು. ಇದರ ಪರೀಕ್ಷೆಗಳನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 61000 ಎಂಬ ಸಂಖ್ಯೆಯ ಗ್ರಂಥಮಾಲೆಯಲ್ಲಿ ಗೊತ್ತುಪಡಿಸಿದೆ. ನಮ್ಮ ದೇಶದ ಮಾನಕ ಸಂಸ್ಥೆಯು ಅವುಗಳನ್ನು 14700 ಎಂಬ ಸಂಖ್ಯೆಯಲ್ಲಿ ಸ್ವೀಕರಿಸಿದೆ. ಮೈಯಿಂದ ಹಾರುವ ಕಿಡಿಗೊಂದು, ಸ್ಟಾರ್ಟರಿನ ಸಿಡಿತಗಳಿಗೊಂದು, ಸಿಡಿಲಿನಿಂದ ತಂತಿಯಲ್ಲಿ ಬರುವ ಉಬ್ಬರಕ್ಕೊಂದು, ರೇಡಿಯೋ ಅಲೆಗಳಿಗೊಂದು, ವೋಲ್ಟೇಜು ಕುಸಿಯುವುದಕ್ಕೊಂದು, ಹೀಗೆ ಬೇರೆ ಬೇರೆ ಪ್ರಶ್ನೆಪತ್ರಿಕೆಗಳು.

ಪ್ರಯೋಗಶಾಲೆಯ ಕೋಣೆಯಲ್ಲಿ ನೆಲದ ಮೇಲೆ ಲೋಹದ ಹಾಸು. ಅದರ ಮೇಲೆ 10 ಸೆಂಟಿಮೀಟರು ಎತ್ತರದ ಆಧಾರವಿಟ್ಟು ನಮ್ಮ ಪೆಟ್ಟಿಗೆಯನ್ನು ಕೂಡಿಸಿದರು. ಮೋಟಾರಿನ ಬದಲು ಒಂದು ದೀಪ. ದೀಪ ಹತ್ತಿದರೆ ಮೋಟಾರು ತಿರುಗಿತೆಂದು ತಿಳಿಯಬೇಕು. ಪರೀಕ್ಷಕಿಯು ನನಗಿಂತ ಕಿರಿಯಳಾದ ಇಂಜಿನಿಯರ್ ಹೆಣ್ಣುಮಗಳು. ಯಂತ್ರವನ್ನು ಹಚ್ಚುವ ಮೊದಲು ಆಕೆ ಕೇಳಿದಳು: “ನಿಮ್ಮ ಪೆಟ್ಟಿಗೆ ಏನು ಮಾಡಿದರೆ ಪಾಸು, ಏನು ಮಾಡಿದರೆ ನಪಾಸು ಎಂಬುದನ್ನು ಮೊದಲೇ ಬರೆದುಕೊಡಿರಿ.” ನಾವು ಮುಖಮುಖ ನೋಡಿಕೊಂಡೆವು. ಆಗ ಆಕೆ ತಿಳಿಸಿದಳು: ಪರೀಕ್ಷೆ ನಡೆಯುತ್ತಿರುವಾಗಲೂ ಎಂದಿನಂತೆ ಕೆಲಸ ಮಾಡಿದರೆ ‘ಎ’, ಸ್ವಲ್ಪ ತಡವರಿಸಿ ತಾನೇ ಚೇತರಿಸಿಕೊಂಡರೆ ‘ಬಿ’, ಮನುಷ್ಯನು ಕೈಹಚ್ಚಿ ಸರಿಪಡಿಸಬೇಕಾದರೆ ‘ಸಿ’. ಸಿಡಿತದ ಪರೀಕ್ಷೆಗೆ ಸಾಮಾನ್ಯವಾಗಿ ‘ಬಿ’ ಸಾಕು. ನನ್ನ ತಮ್ಮನು ಸ್ವಲ್ಪ ಹೊತ್ತು ಯೋಚಿಸಿ, ನನ್ನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು ತಾನೇ ಬರೆದನು: ‘ಯಾರೂ ಹೇಳದೆ ದೀಪ ಹತ್ತಿದರೆ, ಒಂದು ಕ್ಷಣವಾದರೂ ಸರಿ, ನಪಾಸು.’

ಪರೀಕ್ಷೆ ಆರಂಭವಾಯಿತು. ಒಂದೊಂದು ಸಿಡಿತವೂ 5 ನ್ಯಾನೋಸೆಕೆಂಡಿನಲ್ಲಿ ಶಿಖರಕ್ಕೇರುತ್ತದೆ. ಅಷ್ಟರಲ್ಲಿ ಬೆಳಕು ಕೂಡ ಹೋಗಬಲ್ಲುದು ಒಂದೂವರೆ ಮೀಟರು ಮಾತ್ರ. ಇಂತಹ 75 ಸಿಡಿತಗಳ ಒಂದು ಗುಂಪು, ಸೆಕೆಂಡಿಗೆ ಮೂರು ಗುಂಪುಗಳಂತೆ, ಒಂದು ನಿಮಿಷದವರೆಗೆ. ವಿದ್ಯುತ್ತಿನ ತಂತಿಯ ಮೇಲೆ 1000 ವೋಲ್ಟಿನ ಸಿಡಿತಗಳನ್ನು ಪೆಟ್ಟಿಗೆಯು ಸಹಿಸಿತು. 2000ಕ್ಕೆ ಏರಿಸಿದಾಗ ಅದರ ಅಂಕಿಗಳು ಮಿನುಗಿ ಆರಿ ಮತ್ತೆ ಬಂದವು. ಅನಂತರ ಬಾವಿಯ ಕಡ್ಡಿಯ ಕೇಬಲ್ಲನ್ನು ಒಂದು ಮೀಟರು ಉದ್ದದ ಲೋಹದ ಇಕ್ಕುಳದೊಳಗೆ ಮಲಗಿಸಿ 1000 ವೋಲ್ಟುಗಳನ್ನು ಕೊಟ್ಟರು. ಪೆಟ್ಟಿಗೆಯೊಳಗೆ ‘ಟಕ್’ ಎಂದಿತು, ದೀಪ ಹತ್ತಿತು. ಆ ಹಳದಿ ಬೆಳಕನ್ನು ನೋಡಿ ನನಗೆ ಹರಿದ ಟವೆಲಿನ ನೆನಪಾಗಿ ಮೈ ಜುಮ್ಮೆಂದಿತು. ನಾನು ಪುಸ್ತಕದಲ್ಲಿ ಬರೆದೆನು: ನಪಾಸು.

ಆ ರಾತ್ರಿ ಪುಣೆಯ ಒಂದು ಲಾಡ್ಜಿನಲ್ಲಿ ತಮ್ಮನು ನಿದ್ದೆ ಮಾಡಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ, ಚೀಲದಲ್ಲಿದ್ದುದನ್ನೆಲ್ಲ ಅದರೊಳಗೆ ತುರುಕಿದನು. ಸಿಕ್ಕ ಸಿಕ್ಕಲ್ಲಿ ಕೆಪಾಸಿಟರುಗಳು, ತಂತಿಗೆ ಪೋಣಿಸಿದ ಫೆರೈಟ್ ಮಣಿಗಳು, ಮುಚ್ಚಳಕ್ಕೆ ಬೆಳ್ಳಿಯ ಬಣ್ಣದ ಕಾಗದ, ಭೂಸ್ಪರ್ಶಕ್ಕೆಂದು ಉದ್ದವಾದ ಒಂದು ಹಸಿರು ತಂತಿ. ಪರೀಕ್ಷೆಯ ಹಿಂದಿನ ರಾತ್ರಿ ಗೈಡುಗಳನ್ನೆಲ್ಲ ಒಮ್ಮೆಗೇ ಉರುಹೊಡೆಯುವ ಹುಡುಗನಂತೆ ಅವನು ನನಗೆ ಕಂಡನು. ಮರುದಿನ ಎರಡನೆಯ ಪರೀಕ್ಷೆ. ಫಲವು ಮೊದಲಿಗಿಂತ ಕೆಟ್ಟದಾಯಿತು. ನಿನ್ನೆ 1000 ವೋಲ್ಟಿಗೆ ಹತ್ತಿದ ದೀಪವು ಇಂದು 500ಕ್ಕೇ ಹತ್ತಿತು.

“ಅಣ್ಣಾ, ಮತ್ತ ನಪಾಸಾತು. ಇಷ್ಟೆಲ್ಲಾ ಹಾಕಿದ್ರೂ ಹಿಂಗ್ಯಾಕ?” ಎಂದು ಅವನು ಕೈಚೆಲ್ಲಿ ಕುಳಿತನು. ಪರೀಕ್ಷಕಿಯು ಉತ್ತರವನ್ನು ಹೇಳಿಕೊಡುವಂತಿಲ್ಲ; ಅದು ಅವರ ಧರ್ಮ. ಆದರೂ ಹೊರಡುವಾಗ ಒಂದು ಮಾತನ್ನು ಹೇಳಿದಳು: “ಏನನ್ನು ಸೇರಿಸಲಿ ಎಂದು ಕೇಳಬೇಡಿರಿ. ಅದು ಎಲ್ಲಿಂದ ಒಳಗೆ ಬಂತು, ಎಲ್ಲಿಂದ ಹೊರಗೆ ಹೋಯಿತು ಎಂದು ಕೇಳಿರಿ.”

ಪುಣೆಯಿಂದ ನಾಸಿಕದ ದಾರಿಯಲ್ಲಿ ನಾರಾಯಣಗಾವ್ ಬರುತ್ತದೆ. ಅಲ್ಲಿಂದ ಅನತಿದೂರದ ಖೋಡದದ ಸುತ್ತ 45 ಮೀಟರು ವ್ಯಾಸದ 30 ತಟ್ಟೆಗಳುಳ್ಳ ರೇಡಿಯೋ ದೂರದರ್ಶಕವಿದೆ. ಆಕಾಶದ ಅತಿ ಕ್ಷೀಣವಾದ ಅಲೆಗಳನ್ನು ಅದು ಕೇಳಿಸಿಕೊಳ್ಳುತ್ತದೆ. ಸುತ್ತಲಿನ ಯಂತ್ರಗಳ ಸಿಡಿತಗಳು ಅದಕ್ಕೂ ಶತ್ರು. ಬಸ್ಸು ಅಲ್ಲಿ ನಿಂತಾಗ ತಮ್ಮನು ಅದನ್ನು ನನಗೆ ತಿಳಿಸಿ, “ಅದಕ್ಕ ಸುತ್ತೂ ನಿಶ್ಶಬ್ದ ಇಡಬೇಕಂತ ಅದಾರ. ನನ್ನ ಪೆಟ್ಟಿಗಿಗೆ ಯಾರು ನಿಶ್ಶಬ್ದ ಮಾಡಿಕೊಡ್ತಾರ? ಗದ್ದಲದಾಗ ಬದುಕಬೇಕು,” ಎಂದನು. ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ನಿಫಾಡಿಗೆ ಮರಳಿದ ಮೇಲೆ ನನ್ನ ಟಿಪ್ಪಣಿಯ ಪುಸ್ತಕವನ್ನು ತೆರೆದು ಕುಳಿತೆವು. ಇಂಗ್ಲಿಷಿನ ವರದಿಯನ್ನು ನಿಘಂಟಿನ ನೆರವಿನಿಂದ ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿದೆನು. ಯಾವ ತಂತಿ, ಎಷ್ಟು ವೋಲ್ಟು, ಧನವೋ ಋಣವೋ, ಎಷ್ಟು ಸೆಕೆಂಡಿಗೆ ಏನಾಯಿತು ಎಂದು ನಾಲ್ಕು ಕಲಮುಗಳ ಪಟ್ಟಿ ಮಾಡಿದೆನು. ಪಟ್ಟಿಯನ್ನು ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಎರಡು ದಿನಗಳ ನಡುವೆ ನಾವು ಮಾಡಿದ ಬದಲಾವಣೆಗಳು ಒಂಬತ್ತು. ಕೆಡಿಸಿದುದು ಯಾವುದು, ಸುಧಾರಿಸಿದುದು ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. “ತಮ್ಮಾ, ಇನ್ನ ಮ್ಯಾಲ ಒಂದು ಸಲಕ್ಕ ಒಂದ ಬದಲಾವಣಿ,” ಎಂದೆನು. ಆದರೆ ಒಂದೊಂದು ಬದಲಾವಣೆಗೂ ಪುಣೆಗೆ ಹೋಗಿ, ಗಂಟೆಯ ಲೆಕ್ಕದ ಶುಲ್ಕವನ್ನು ಕೊಡಲು ನಮ್ಮಲ್ಲಿ ಹಣವೆಲ್ಲಿತ್ತು? ಮನೆಯಲ್ಲಿಯೇ ಸಿಡಿತಗಳನ್ನು ಹುಟ್ಟಿಸುವ ಉಪಾಯವೊಂದು ಬೇಕಾಗಿತ್ತು.

ಉಪಾಯವು ಹೊಳೆದುದು ನನಗೆ ಎಂದು ಹೇಳಿಕೊಳ್ಳಲು ಸ್ವಲ್ಪ ಹೆಮ್ಮೆಯಾಗುತ್ತದೆ. ಹಳೆಯ ಶಾಲೆಗಳಲ್ಲಿದ್ದ ವಿದ್ಯುದ್ಗಂಟೆಯ ಚಿತ್ರವನ್ನು ವಿಜ್ಞಾನದ ಪಾಠದಲ್ಲಿ ನಾವೆಲ್ಲರೂ ಬರೆದವರೇ. ಸುರುಳಿಗೆ ವಿದ್ಯುತ್ತು ಹರಿದೊಡನೆ ಕಬ್ಬಿಣದ ಪಟ್ಟಿಯು ಸೆಳೆಯಲ್ಪಡುತ್ತದೆ, ಆ ಸೆಳೆತದಿಂದಲೇ ಸಂಪರ್ಕ ತಪ್ಪುತ್ತದೆ, ಪಟ್ಟಿಯು ಮರಳುತ್ತದೆ, ಸಂಪರ್ಕ ಕೂಡುತ್ತದೆ. ಪ್ರತಿಯೊಂದು ಸಲವೂ ಸಂಪರ್ಕದ ತುದಿಯಲ್ಲಿ ಒಂದು ನೀಲಿ ಕಿಡಿ. ಸ್ಟಾರ್ಟರು ದಿನಕ್ಕೆ ನಾಲ್ಕು ಸಲ ಮಾಡುವ ಕಾಟವನ್ನು ಗಂಟೆಯು ಸೆಕೆಂಡಿಗೆ ಹತ್ತಾರು ಸಲ ಮಾಡುತ್ತದೆ! ನಾಸಿಕದ ಹಳೆಯ ಸಾಮಾನಿನ ಅಂಗಡಿಯಲ್ಲಿ ಬ್ಯಾಟರಿಯಿಂದ ನಡೆಯುವ ಅಂತಹ ಗಂಟೆಯೊಂದು ಸಿಕ್ಕಿತು. ಅದರ ತಂತಿಯನ್ನು ಬಾವಿಯ ಕಡ್ಡಿಯ ಕೇಬಲ್ಲಿನೊಡನೆ ಒಂದು ಮೀಟರಿನಷ್ಟು ಹೊಸೆದು ಗಂಟೆಯನ್ನು ಬಾರಿಸಿದೆವು. ಮೂರನೆಯ ಗಣಗಣಕ್ಕೆ ದೀಪ ಹತ್ತಿತು. ಪುಣೆಯಲ್ಲಿ ನಮ್ಮನ್ನು ಅಳಿಸಿದ ಆ ದೀಪವನ್ನು ನೋಡಿ ನಾವಿಬ್ಬರೂ ನಕ್ಕುಬಿಟ್ಟೆವು. ದೋಷವು ಮನೆಗೆ ಬಂದಿತ್ತು. ಇನ್ನು ಅದನ್ನು ಹಿಡಿಯಬಹುದಾಗಿತ್ತು.

ಮೊದಲು ಸೇರಿಸಿದ ಒಂಬತ್ತನ್ನೂ ತೆಗೆದೆವು. ಅನಂತರ ಒಂದೊಂದನ್ನೇ ಹಾಕಿ ಗಂಟೆ ಬಾರಿಸಿದೆವು. ಹಸಿರು ತಂತಿಯನ್ನು ಹಾಕಿದಾಗ ರೋಗ ಹೆಚ್ಚಾಯಿತು. ಕಾರಣವನ್ನು ತಮ್ಮನು ಲೆಕ್ಕ ಹಾಕಿ ತೋರಿಸಿದನು. 20 ಸೆಂಟಿಮೀಟರು ಉದ್ದದ ತಂತಿಯು ನಿಧಾನವಾದ ವಿದ್ಯುತ್ತಿಗೆ ಹೆದ್ದಾರಿ. ಆದರೆ 10 ಆಂಪಿಯರು 5 ನ್ಯಾನೋಸೆಕೆಂಡಿನಲ್ಲಿ ನುಗ್ಗಿದಾಗ ಅದರ ಎರಡು ತುದಿಗಳ ನಡುವೆ ಸುಮಾರು 400 ವೋಲ್ಟುಗಳು ಏಳುತ್ತವೆ. ಭೂಮಿಗೆ ಹೋಗಲೆಂದು ನಾವು ತೆರೆದ ಬಾಗಿಲೇ ಪೆಟ್ಟಿಗೆಯ ಎದೆಗೆ ಹೊಡೆಯುತ್ತಿತ್ತು. ಆ ತಂತಿಯನ್ನು ಕಿತ್ತು, ಒಂದು ಅಂಗುಲ ಉದ್ದದ ಅಗಲವಾದ ತಾಮ್ರದ ಪಟ್ಟಿಯನ್ನು ಹಾಕಿದಾಗ ಗುಣ ಕಂಡಿತು.

ಎರಡನೆಯದು ಕೇಬಲ್ಲಿನ ದಾರಿ. ಅದು ಪೆಟ್ಟಿಗೆಯ ಹಿಂಬದಿಯಿಂದ ಒಳಬಂದು, ಯಂತ್ರದ ಮೆದುಳಾದ ಸಣ್ಣ ಚಿಪ್ಪಿನ ಮೇಲೆ ಹಾಯ್ದು, ಆಮೇಲೆ ಕೆಪಾಸಿಟರನ್ನು ಮುಟ್ಟುತ್ತಿತ್ತು. ಕಳ್ಳನನ್ನು ಅಡುಗೆಮನೆಯವರೆಗೆ ಬರಗೊಟ್ಟು ಅಲ್ಲಿ ಕಾವಲಿಟ್ಟಂತೆ! ಕಾವಲನ್ನು ಬಾಗಿಲಿಗೇ ತಂದೆವು; ಕೇಬಲ್ಲು ಒಳಬರುವಲ್ಲಿಯೇ ಫೆರೈಟ್ ಮಣಿ ಮತ್ತು ಕೆಪಾಸಿಟರು. ಚಿಪ್ಪನ್ನು ಮರುಚಾಲನೆಗೊಳಿಸುವ ಕಾಲಿನ ಮಗ್ಗುಲಲ್ಲಿಯೇ ಇನ್ನೊಂದು ಸಣ್ಣ ಕೆಪಾಸಿಟರು. ಇವುಗಳ ಬೆಲೆ ಕೆಲವೇ ರೂಪಾಯಿಗಳು.

ಆದರೂ ಗಂಟೆಯನ್ನು ಬಹಳ ಹೊತ್ತು ಬಾರಿಸಿದರೆ ಒಮ್ಮೊಮ್ಮೆ ದೀಪ ಹತ್ತುತ್ತಿತ್ತು. ಆಗ ತಿಳಿದುದು ಮೂರನೆಯ ಸಂಗತಿ, ಎಲ್ಲಕ್ಕಿಂತ ಗಂಭೀರವಾದುದು. ಸಿಡಿತಕ್ಕೆ ಸಿಕ್ಕಿದ ಚಿಪ್ಪು ಕ್ಷಣಕಾಲ ಮೂರ್ಛೆ ಹೋಗಿ ಎಚ್ಚರಗೊಳ್ಳುತ್ತಿತ್ತು. ಎಚ್ಚರಗೊಂಡಾಗ ಮೋಟಾರನ್ನು ನಿಲ್ಲಿಸಿದವರು ಯಾರೆಂಬ ನೆನಪು ಅದಕ್ಕಿರಲಿಲ್ಲ. ಬಾವಿಯಲ್ಲಿ ನೀರಿರುವುದನ್ನು ಕಂಡು, ‘ನೀರು ಊರಿದೆ, ಹೊರಡೋಣ’ ಎಂದು ತಿಳಿದು ಮೋಟಾರನ್ನು ಹಚ್ಚುತ್ತಿತ್ತು. ಸೌಕರ್ಯಕ್ಕೆಂದು ತಮ್ಮನು ಕೂಡಿಸಿದ ಗುಣವೇ ವೃದ್ಧ ರೈತರ ಟವೆಲನ್ನು ಹರಿದಿತ್ತು. ಇದಕ್ಕೆ ಮಣಿಯೂ ಬೇಡ, ತಗಡೂ ಬೇಡ. ಚಿಪ್ಪಿಗೆ ಬರೆದುಕೊಟ್ಟ ಆಜ್ಞೆಗಳನ್ನು ತಿದ್ದಬೇಕಾಗಿತ್ತು. ಎಚ್ಚರಗೊಂಡ ಪೆಟ್ಟಿಗೆಯು ಹೊಸದಾಗಿ ಕರೆ ಬರುವವರೆಗೆ ಮೋಟಾರನ್ನು ಮುಟ್ಟಬಾರದು. ಕಡ್ಡಿಯ ಮಾತನ್ನು ಒಂದೇ ಸಲಕ್ಕೆ ನಂಬದೆ ಹತ್ತು ಸೆಕೆಂಡುಗಳವರೆಗೆ ಮತ್ತೆ ಮತ್ತೆ ಕೇಳಿ, ಪ್ರತಿ ಸಲವೂ ಅದೇ ಉತ್ತರ ಬಂದರೆ ಮಾತ್ರ ನಂಬಬೇಕು. ತಮ್ಮನು ಇದನ್ನು ಒಂದೇ ರಾತ್ರಿಯಲ್ಲಿ ತಿದ್ದಿದನು. ಮರುದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗಂಟೆ ಬಾರಿಸಿದೆವು. ನೆರೆಯವರು ಶಾಲೆ ತೆರೆದಿರೇನು ಎಂದು ಕೇಳಿದರು. ದೀಪ ಹತ್ತಲಿಲ್ಲ.

ಮೂರನೆಯ ಪರೀಕ್ಷೆಯು ನಾತಾಳದ ರಜೆಯಲ್ಲಿ. ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಬಟ್ಟೆ ತೊಟ್ಟು ಬಾಗಿಲ ಹಿಡಿಯನ್ನು ಮುಟ್ಟಿದರೆ ಬೆರಳಿಗೆ ಚುರುಕ್ಕೆನ್ನುವುದುಂಟಷ್ಟೆ. ಅದರ ಪರೀಕ್ಷೆಯೂ ಅಂದೇ ಇತ್ತು. ಪಿಸ್ತೂಲಿನಂತಹ ಉಪಕರಣದಿಂದ ಪೆಟ್ಟಿಗೆಯ ಲೋಹಕ್ಕೆ ತಾಗಿಸಿ 4000 ವೋಲ್ಟು, ಗುಂಡಿಗಳ ಬಳಿ ಗಾಳಿಯಲ್ಲಿ 8000 ವೋಲ್ಟುಗಳ ಕಿಡಿಗಳನ್ನು ಹಾರಿಸಿದರು. ಪೆಟ್ಟಿಗೆ ಕದಲಲಿಲ್ಲ. ಅನಂತರ ಸಿಡಿತಗಳು. ವಿದ್ಯುತ್ತಿನ ತಂತಿಗೆ 2000, ಕೇಬಲ್ಲಿಗೆ 1000. ನಾನು ಉಸಿರು ಬಿಗಿಹಿಡಿದು ದೀಪವನ್ನೇ ನೋಡುತ್ತಿದ್ದೆನು. ಅಂಕಿಗಳು ಒಮ್ಮೆ ಮಿನುಗಿದವು, ಮರಳಿ ಬಂದವು. ದೀಪ ಹತ್ತಲಿಲ್ಲ. ಪರೀಕ್ಷಕಿಯು ಬರೆದಳು: ‘ಬಿ’.

“ಎ ಬರಲಿಲ್ಲಲ್ಲಾ,” ಎಂದು ತಮ್ಮನು ಪೇಚಾಡಿದನು. ಅಂಕಿಗಳು ಮಿನುಗಿದರೆ ಯಾರ ಕೈಯೂ ಹೋಗುವುದಿಲ್ಲವೆಂದು ನಾನು ಸಮಾಧಾನ ಹೇಳಿದೆನು. ಆಮೇಲೆ ಅವನು ಮಾಡಿದ ಕೆಲಸವನ್ನು ನಾನು ಎಂದಿಗೂ ಮರೆಯೆನು. ಪಾಸಾದ ಮೇಲೂ ಉಳಿದ ಅರ್ಧ ಗಂಟೆಯಲ್ಲಿ ವೋಲ್ಟುಗಳನ್ನು ಇನ್ನೂ ಏರಿಸಬೇಕೆಂದು ಬೇಡಿಕೊಂಡನು. “ಎಲ್ಲಿ ಸೋಲತದ ಅಂತ ನನಗ ಗೊತ್ತಿರಬೇಕು,” ಎಂದನು. ಕೇಬಲ್ಲಿಗೆ ನಿಯಮಕ್ಕಿಂತ ಇಮ್ಮಡಿ ವೋಲ್ಟು ಕೊಟ್ಟಾಗ ಪೆಟ್ಟಿಗೆಯು ಪೂರ್ತಿಯಾಗಿ ಸ್ತಬ್ಧವಾಯಿತು. ಗುಂಡಿಯನ್ನು ಒತ್ತಿ ಎಬ್ಬಿಸಬೇಕಾಯಿತು. ಆದರೆ ಆಗಲೂ ದೀಪ ಹತ್ತಲಿಲ್ಲ. ಸೋತರೂ ಅಪಾಯವಿಲ್ಲದ ಕಡೆಗೆ ಸೋತಿತು. ಅದನ್ನೂ ಪುಸ್ತಕದಲ್ಲಿ ಬರೆದೆನು.

ಪೆಟ್ಟಿಗೆಯನ್ನು ಮೊದಲು ಮರಳಿ ಕೂಡಿಸಿದುದು ಆ ವೃದ್ಧರ ಬಾವಿಯ ಮೇಲೆಯೇ. ನೆರೆಯವನನ್ನು ಕರೆದು ಅವನ ಮೋಟಾರನ್ನು ಇಪ್ಪತ್ತು ಸಲ ಹಚ್ಚಿಸಿ ಆರಿಸಿ ತೋರಿಸಿದೆವು. ತಮ್ಮನು ಅವರಿಗೆ ಕೈಮುಗಿದು, “ಕಾಕಾ, ಪೆಟ್ಟಿಗೆಯನ್ನು ಎಷ್ಟೇ ನಂಬಿದರೂ ಪಂಪಿಗೆ ಕೈಹಚ್ಚುವ ಮೊದಲು ಮುಖ್ಯ ಸ್ವಿಚ್ಚನ್ನು ತೆಗೆದು ಫ್ಯೂಜನ್ನು ಕಿಸೆಯಲ್ಲಿಟ್ಟುಕೊಳ್ಳಿರಿ,” ಎಂದು ಅವರ ಭಾಷೆಯಲ್ಲಿಯೇ ಹೇಳಿದನು. ಅದೇ ಮಾತನ್ನು ಮರಾಠಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಪೆಟ್ಟಿಗೆಯ ಮುಚ್ಚಳಕ್ಕೂ ಅಂಟಿಸಿದ್ದಾನೆ. ವೃದ್ಧರು ನಗುತ್ತ, “ಈಗ ಅದು ನನ್ನ ಮಾತನ್ನು ಕೇಳುತ್ತದೆ,” ಎಂದರು.

ಇನ್ನು ನಮ್ಮ ಶಾಲೆಯ ಒಂದು ಮಾತು. ರಜೆ ಮುಗಿಸಿ ಬಂದ ಮೇಲೆ ಉಕ್ತಲೇಖನದ ಪುಸ್ತಕಗಳನ್ನು ತಿದ್ದುತ್ತಿದ್ದೆನು. ಏಳನೆಯ ತರಗತಿಯ ಒಬ್ಬ ಹುಡುಗನು ಪ್ರತಿ ಸಲವೂ ನಪಾಸು. ಅವನ ತಂದೆತಾಯಿಗಳು ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು; ಮನೆಯ ಮಾತು ಲಂಬಾಣಿ. ಅವನ ಪ್ರಗತಿ ಪತ್ರಿಕೆಯಲ್ಲಿ ನಾನು ‘ಅಲಕ್ಷ್ಯ’ ಎಂದು ಬರೆದಿದ್ದೆನು. ಅವನಿಗೆ ಹೆಚ್ಚು ಕಾಪಿ, ಹೆಚ್ಚು ಪಾಠ, ಹೆಚ್ಚು ಗದರಿಕೆಗಳನ್ನು ಕೊಟ್ಟಿದ್ದೆನು. ಲಾಡ್ಜಿನಲ್ಲಿ ತಮ್ಮನು ಪೆಟ್ಟಿಗೆಯಲ್ಲಿ ತುರುಕಿದಂತೆ. ಅಂದು ಮಾತ್ರ ಕೆಂಪು ಮಸಿಯನ್ನು ಬದಿಗಿಟ್ಟು ಅವನ ತಪ್ಪುಗಳ ಪಟ್ಟಿ ಮಾಡಿದೆನು. ಬಹುತೇಕ ಎಲ್ಲ ತಪ್ಪುಗಳೂ ಶಬ್ದಗಳ ಕೊನೆಯಲ್ಲಿದ್ದವು. ‘ಮನೆಯಲ್ಲಿ’ ಎಂಬಲ್ಲಿ ‘ಮನೆಯ’, ‘ಹೋದರು’ ಎಂಬಲ್ಲಿ ‘ಹೋದ’. ಮರುದಿನ ಅವನನ್ನು ಮುಂದಿನ ಬೆಂಚಿಗೆ ತಂದೆನು, ಸ್ವಲ್ಪ ಸುಧಾರಣೆ. ಅದರ ಮರುದಿನ ಇನ್ನೊಬ್ಬ ಗುರುಗಳಿಂದ ಓದಿಸಿದೆನು. ತಪ್ಪುಗಳು ಅರ್ಧಕ್ಕಿಂತ ಕಡಿಮೆಯಾದವು. ಆಗ ತಿಳಿಯಿತು. ಶಬ್ದದ ಕೊನೆಗೆ ಬರುವಷ್ಟರಲ್ಲಿ ನನ್ನ ಧ್ವನಿಯೇ ಇಳಿದುಹೋಗುತ್ತದೆ. ಬೀದಿಯ ಗದ್ದಲದಲ್ಲಿ ಆ ಕೊನೆಯಕ್ಷರಗಳು ಯಾರಿಗೂ ಕೇಳಿಸುವುದಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಊಹಿಸಿ ಬರೆದುಕೊಳ್ಳುತ್ತಾರೆ. ಅವನಿಗೆ ಊಹಿಸಲು ಮನೆಯಲ್ಲಿ ಕೇಳಿದ ಕನ್ನಡವಿಲ್ಲ. ಅವನು ಕೇಳಿದುದನ್ನೇ ಬರೆದಿದ್ದನು. ಪ್ರಗತಿ ಪತ್ರಿಕೆಯಲ್ಲಿ ನಾನು ಬರೆದ ‘ಅಲಕ್ಷ್ಯ’ ಎಂಬ ಮಾತು ಸೇರಬೇಕಾದುದು ನನ್ನ ಹೆಸರಿನ ಮುಂದೆ. ಅದನ್ನು ಹೊಡೆದುಹಾಕಿ, ಅವನ ತಂದೆಯನ್ನು ಕರೆಸಿ ನನ್ನ ತಪ್ಪನ್ನು ಹೇಳಿದೆನು.

ಈಗ ಅವನು ಉಕ್ತಲೇಖನದಲ್ಲಿ ಪಾಸಾಗುತ್ತಾನೆ. ‘ಎ’ ಅಲ್ಲ, ‘ಬಿ’. ನಾನೂ ಶಬ್ದಗಳನ್ನು ಕೊನೆಯವರೆಗೆ ಉಚ್ಚರಿಸಲು ಕಲಿಯುತ್ತಿದ್ದೇನೆ. ನನ್ನ ಮೇಜಿನ ಖಾನೆಯಲ್ಲಿ ಆ ಟಿಪ್ಪಣಿಯ ಪುಸ್ತಕವಿದೆ. ಅದರ ಮೊದಲ ಅರ್ಧದಲ್ಲಿ ಪೆಟ್ಟಿಗೆಯ ತಪ್ಪುಗಳು, ಉಳಿದ ಅರ್ಧದಲ್ಲಿ ನನ್ನ ವರ್ಗದ ಮಕ್ಕಳ ತಪ್ಪುಗಳು, ಅದೇ ನಾಲ್ಕು ಕಲಮುಗಳಲ್ಲಿ. ಯಾವ ವಿದ್ಯಾರ್ಥಿಗಾದರೂ ತನ್ನ ಪುಟವನ್ನು ನೋಡಬೇಕೆನಿಸಿದರೆ ಬಿಡುವಿನ ವೇಳೆಯಲ್ಲಿ ಬಂದು ಕೇಳಬಹುದು.